ಸುಖದ ಮಹಾಪ್ರಾಣ

ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಆ ಮನುಷ್ಯನನ್ನು ಬೀದಿಯವರೆಲ್ಲ ಕ್ರೇನಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. ಹೆಸರು ಹಿಡಿದು ಕರೆದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಮುಂದೆ ನಡೆದುಬಿಡುತ್ತಿದ್ದ, ಕ್ರೇನಪ್ಪ ಎಂದರೆ ತಟ್ಟನೆ ನಿಲ್ಲುತ್ತಿದ್ದ. ಮುಗಿಲಿಗೆ ಹತ್ತಿರದ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ಲಾರಿಯ ಮೇಲೆ ಮೊಟ್ಟೆ ಇಟ್ಟಂತೆ ಇಡುವುದು ಅವನ ಕೆಲಸವಾಗಿತ್ತು. ಅಲ್ಲಿ ಕಣ್ಣು ಸರಕಿನ ಮೇಲಿರಬೇಕು, ಕೈ ತನ್ನ ಪಾಡಿಗೆ ತಾನು ಲಿವರಿನ ಮೇಲಿರಬೇಕು. ತನ್ನ ಕೈಯನ್ನು ತಾನೇ ನೋಡಿಕೊಂಡು ಕ್ರೇನ್ ನಡೆಸುವವನು ಮನೆಗೆ ಹೋಗುವುದು ವಾಸಿ ಎಂದು ಹೊಸಬರಿಗೆ ಹೇಳುತ್ತಿದ್ದ. ಹೇಳುವಾಗ ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ಕೈ ಸುಮ್ಮನಿರಲು ಒಪ್ಪಲಿಲ್ಲ. ಮನೆಯ ಹಿಂಬದಿಯ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿ ಬಡಿದು, ಕಂಪ್ಯೂಟರ್ ಒಂದನ್ನು ಇಟ್ಟುಕೊಂಡು, ದನಿ ತಿದ್ದುವ ಕೆಲಸಕ್ಕೆ ಇಳಿದ. ಬೀದಿಯ ಹಾಡುಗಾರರು ಮೊಬೈಲಿನಲ್ಲಿ ಹಿಡಿದು ತಂದ ಹಾಡಿನಿಂದ ನಾಯಿಯ ಬೊಗಳು ಕತ್ತರಿಸಿಕೊಡುವುದು, ಯಾರದೋ ಭಾಷಣದಿಂದ ಕೆಮ್ಮು ತೆಗೆಯುವುದು, ಹೀಗೆ ಶುರುವಾದದ್ದು ಬರಬರುತ್ತ ಹುಚ್ಚಾಯಿತು. ಹೆಂಡತಿ ಮೊದಮೊದಲು ಮೂಗು ಮುರಿದಳು. ಗಂಡ ದಿನವಿಡೀ ಮನೆಯಲ್ಲಿದ್ದರೂ ಕಾಲಿಗೆ ತೊಡರುವುದಿಲ್ಲ ಎಂಬ ಲಾಭ ಕಂಡ ಮೇಲೆ ಕಂಬಳಿಗಳ ಧೂಳನ್ನು ತಾನೇ ಕೊಡವಿಕೊಟ್ಟಳು.

ಪಕ್ಕದ ಮನೆಯಲ್ಲೇ ಅವನ ಅಕ್ಕ ಇದ್ದಳು. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಕ್ಕಳ ಬಾಯಲ್ಲಿ ಅವಳಿಗೆ ‘ಹೊಟ್ಟೆಸೀಳು ಟೀಚರ್’ ಎಂದು ಹೆಸರು. ಕೊಲೆಗಾರ್ತಿಯೇನಲ್ಲ. ‘ದ’ದ ಹೊಟ್ಟೆ ಸೀಳಿದರೆ ‘ಧ’, ‘ಬ’ದ ಹೊಟ್ಟೆ ಸೀಳಿದರೆ ‘ಭ’, ಬರೆದರೆ ಸಾಲದು, ಹೊಟ್ಟೆಯಿಂದ ಉಸಿರು ತಂದು ಹೇಳಬೇಕು ಎಂದು ಪಾಠ ಮಾಡಿ ಮಾಡಿ ಅಂಟಿದ ಹೆಸರು ಅದು. ಮಹಾಪ್ರಾಣ ನುಂಗಿದವರನ್ನು ಅವಳು ಬೈಯುತ್ತಿರಲಿಲ್ಲ, ಕೈಯಲ್ಲಿದ್ದ ಡಸ್ಟರಿನಿಂದ ಮೇಜಿನ ಮೇಲೆ ಒಂದು ಬಾರಿ ಕುಟ್ಟುತ್ತಿದ್ದಳು. ಸೀಮೆಸುಣ್ಣದ ಪುಡಿ ಮೇಲೇಳುತ್ತಿತ್ತು, ತಪ್ಪು ಮಾಡಿದ ಮಗು ಮತ್ತೆ ಹೇಳುತ್ತಿತ್ತು. ತಮ್ಮನನ್ನೂ ಬಿಟ್ಟವಳಲ್ಲ. “ದನಿ ಅನ್ನು, ಇಲ್ಲಾ ಹೊಟ್ಟೆ ಸೀಳಿ ಧ್ವನಿ ಅನ್ನು. ಎರಡರ ನಡುವೆ ನೇತಾಡೋ ನಿನ್ನ ದ್ವನಿ ಯಾವ ಊರಿಂದು?” ಎಂದು ಕೇಳುತ್ತಿದ್ದಳು. ಅವನು ಅಂದಿನಿಂದ ದನಿ ಎಂದೇ ಹೇಳಿ ಬಚಾವಾಗಿದ್ದ.

ಇಂಥ ಅಕ್ಕನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಜೀವಕ್ಕೆ ಭಯವಿಲ್ಲ, ದನಿ ಉಳಿಯುತ್ತದೆ ಎಂದು ಮಾತ್ರ ಮಾತು ಕೊಡಲಾರೆವು ಎಂದರು ಡಾಕ್ಟರು. ಅಕ್ಕ ಅಳಲಿಲ್ಲ. ತರಗತಿಯಲ್ಲಿ ತಾನು ಕಟ್ಟಿ ಹೇಳುತ್ತಿದ್ದ ಕಥೆಗಳನ್ನೆಲ್ಲ ಒಟ್ಟುಮಾಡಿ, ತಮ್ಮನ ಮೈಕನ್ನು ತನ್ನ ಕೋಣೆಗೆ ಒಯ್ದು, ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ ಓದಿದಳು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಇಡುವ ಗ್ರಂಥಾಲಯವೊಂದಿತ್ತು, ಅಲ್ಲಿಗೆ ಕೊಡುವುದು ಅವಳ ಆಸೆ. ಸೆಕೆ ತಡೆಯಲಾರದೆ ಫ್ಯಾನ್ ಹಾಕಿಕೊಂಡೇ ಓದಿದ್ದಳು, ಅದೊಂದು ಎಡವಟ್ಟಾಗಿತ್ತು. ಕಥೆಗಳ ಬೆನ್ನಿಗೆ ಉದ್ದಕ್ಕೂ ಸುಯ್ಯೆನ್ನುವ ಸದ್ದು. ಆಪರೇಷನ್ ಚೆನ್ನಾಗಿ ಆಯಿತು, ಗಾಯ ಮಾಗಿತು, ದನಿ ಮಾತ್ರ ವಾಪಸು ಬರಲಿಲ್ಲ. ಉಳಿದದ್ದು ಬರೀ ಉಸಿರಿನ ಪಿಸುಮಾತು.

ಸುಯ್ಯೆನ್ನುವ ಸದ್ದಿರುವುದನ್ನು ಗ್ರಂಥಾಲಯದವರು ತೆಗೆದುಕೊಳ್ಳುವುದಿಲ್ಲ. ಮತ್ತೊಮ್ಮೆ ಓದಿಸೋಣ ಎಂದರೆ ಓದುವ ದನಿಯೇ ಇಲ್ಲ. ಇರುವುದು ಈ ಒಂದು ಓದು. ಕ್ರೇನಪ್ಪ ಅದನ್ನು ಕೆಡಿಸಿದರೆ ಅಕ್ಕನ ದನಿ ಯಾರ ಕಿವಿಗೂ ಬೀಳದೆ ಹೋಗುತ್ತದೆ. ಅವನಿಗೆ ಅದು ಗೊತ್ತಿತ್ತು, ಆದರೂ ಹೆದರಲಿಲ್ಲ. ತೂಗಾಡುವ ಸರಕಿನ ಕೆಳಗೆ ಜನ ಓಡಾಡುತ್ತಿದ್ದಾಗಲೂ ಹೆದರದ ಕೈ ಅದು. ಮೊದಲ ಕೆಲಸವೆಂದು ಅಕ್ಕನ ಓದಿನ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದು ಬೀರುವಿನಲ್ಲಿ ಭದ್ರ ಮಾಡಿದ.

ಎರಡನೆಯ ಕೆಲಸ ಮೌಸನ್ನು ಬೈಯುವುದಾಗಿತ್ತು. ಮೌಸ್ ಹಿಡಿದರೆ ಕಣ್ಣು ಪರದೆಯ ಮೇಲಿನ ಬಾಣದ ಹಿಂದೆ ಹೋಗುತ್ತಿತ್ತು, ಬಾಣ ಎಲ್ಲಿಗೋ ಹೋಗುತ್ತಿತ್ತು, ಕಿವಿ ಎರಡಕ್ಕೂ ಕಾದು ಸುಸ್ತಾಗುತ್ತಿತ್ತು. “ಇದು ಸೂಜೀಲಿ ಹಡಗು ಎಳೆಯೋ ಕೆಲಸ ಕಣೇ. ನಂಗೆ ಲಿವರ್ ಬೇಕು” ಎಂದ ಹೆಂಡತಿಗೆ. ಮಾರನೆಯ ಬೆಳಿಗ್ಗೆ ಸಂಗೀತದ ಸಾಮಾನಿನ ಅಂಗಡಿಗೆ ಹೊರಟ.

ಅಂಗಡಿಯವನು ಮಾತುಗಾರ, ಆದರೆ ಪ್ರಾಮಾಣಿಕ. ಗಾಜಿನ ಮೇಜಿನ ಮೇಲೆ, ಮೌಸಿನ ಬದಲು ಕೈಯಿಂದ ದನಿ ತಿದ್ದುವ ಕಂಟ್ರೋಲರುಗಳನ್ನು ಸಾಲಾಗಿ ಜೋಡಿಸಿದ. ಒಂದರ ತುಂಬ ಬಣ್ಣಬಣ್ಣದ ದೀಪದ ಗುಂಡಿಗಳು. ಇನ್ನೊಂದರಲ್ಲಿ ಫೇಡರುಗಳ ಸಾಲು, ಅಂದರೆ ದನಿ ಏರಿಸಿ ಇಳಿಸಲು ಬೆರಳಿನಿಂದ ಮೇಲೆ ಕೆಳಗೆ ಜಾರಿಸುವ ಹಿಡಿಗಳು.

“ಎಷ್ಟು ಟ್ರ್ಯಾಕ್ ಇಟ್ಕೊಂಡು ಕೆಲಸ ಮಾಡ್ತೀರಾ ಸರ್?”

“ಒಂದೇ. ಓದೋದು ನಮ್ಮಕ್ಕ ಒಬ್ಳೇ.”

“ಹಾಗಾದ್ರೆ ಈ ಸಾಲು ನಿಮಗ್ಯಾಕೆ ಸರ್, ಸುಮ್ನೆ ಮೇಜು ತುಂಬತ್ತೆ.”

ಕ್ರೇನಪ್ಪ ಕಣ್ಣು ಮುಚ್ಚಿ ಒಂದೊಂದರ ಮೇಲೂ ಬೆರಳಿಟ್ಟು, ಬಸವನಹುಳು ಹರಿದಷ್ಟು ನಿಧಾನವಾಗಿ ಜಾರಿಸಿ ನೋಡಿದ. ಅಂಗಡಿಗೆ ಬಂದಿದ್ದ ಗಿಟಾರಿನ ಗಿರಾಕಿಗಳು ಇವನಿಗೇನಾಯಿತು ಎಂದು ನೋಡುತ್ತ ನಿಂತರು. “ಇದು ಹೊರಡುವಾಗ ಅಂಟ್ಕೊಂಡು ಆಮೇಲೆ ಎಗರತ್ತೆ ನೋಡಿ. ಇಂಥ ಲಿವರ್ ಕೊಟ್ಟಿದ್ರೆ ಅರ್ಧ ಬಂದರನ್ನ ನೀರಿಗೆ ಹಾಕಿರ್ತಿದ್ದೆ” ಎಂದು ಒಂದನ್ನು ಪಕ್ಕಕ್ಕೆ ತಳ್ಳಿದ. ದೀಪದ ಗುಂಡಿಗಳದ್ದನ್ನು ಮುಟ್ಟಲೂ ಇಲ್ಲ. ಕೊನೆಗೆ ಅಂಗಡಿಯವನು ಒಳಗಿನಿಂದ ಚಿಕ್ಕದೊಂದನ್ನು ತಂದ. ಒಂದೇ ಫೇಡರು, ಅಂಗೈಯಗಲದ ಒಂದು ಚಕ್ರ, ಕೆಲವು ಗುಂಡಿ. ಚಕ್ರ ತಿರುಗಿಸಿದರೆ ಓದು ಮಾತು ಮಾತಾಗಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ಫೇಡರು ಬೆರಳಿನ ಕೆಳಗೆ ಬೆಣ್ಣೆಯಂತೆ ಜಾರಿತು. ಕ್ರೇನಪ್ಪ ಕಣ್ಣು ತೆರೆಯದೆಯೇ “ಇದು ನಂದು” ಎಂದ.

ಮನೆಗೆ ತಂದು ಜೋಡಿಸಿದ ದಿನ ಒಂದು ತಮಾಷೆ ನಡೆಯಿತು. ಆ ಫೇಡರಿನೊಳಗೆ ಮೋಟರಿತ್ತು. ಒಮ್ಮೆ ಬೆರಳು ಮಾಡಿದ ಏರಿಳಿತವನ್ನು ನೆನಪಿಟ್ಟುಕೊಂಡು, ಓದು ಮತ್ತೆ ನಡೆದಾಗ ಅದು ತಾನಾಗಿಯೇ ಏರಿ ಇಳಿಯುತ್ತಿತ್ತು. ಟೀ ತಂದ ಹೆಂಡತಿ ಖಾಲಿ ಕುರ್ಚಿಯ ಮುಂದೆ ಹಿಡಿ ತಾನೇ ಸರಿದಾಡುವುದನ್ನು ಕಂಡು ಬಾಗಿಲಲ್ಲೇ ನಿಂತಳು.

“ರೀ, ಇದಕ್ಕೇನೋ ಮೆಟ್ಕೊಂಡಿದೆ. ಅಂಗಡಿಯವ್ನಿಗೆ ವಾಪಸ್ ಕೊಟ್ಬಿಡಿ.”

“ನನ್ನ ಕೈ ಮೆಟ್ಕೊಂಡಿದೆ ಕಣೇ. ನೀನು ಟೀ ಇಡು” ಎಂದ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಕ್ರೇನಪ್ಪ.

ಉಳಿದದ್ದು ಮಾಸ್ಟರಿಂಗ್ ತಂತ್ರಾಂಶ. ಕತ್ತರಿಸಿ ಜೋಡಿಸಿದ ಮೇಲೆ ಇಡೀ ಪುಸ್ತಕದ ದನಿಯನ್ನು ಒಂದು ಮಟ್ಟಕ್ಕೆ ತಂದು, ಬೇಡದ ಸದ್ದು ತೆಗೆದು, ಕೇಳುವವರ ಕಿವಿಗೆ ಹದ ಮಾಡುವ ಕೊನೆಯ ಕೆಲಸ ಅದರದ್ದು. ಅಂಗಡಿಯವನು ಎರಡರ ಹೆಸರು ಹೇಳಿ, ಎರಡನ್ನೂ ಪುಕ್ಕಟೆಯಾಗಿ ಬಳಸಿ ನೋಡಿ ಆಮೇಲೆ ಒಂದನ್ನು ಇಟ್ಟುಕೊಳ್ಳಿ ಎಂದಿದ್ದ. ಒಂದು ಬೂದುಬಣ್ಣದ ಬೋಳು ಪರದೆಯದು. ದನಿಯ ಏರಿಳಿತ ತೋರಿಸುವ ಮುಳ್ಳುಗಳಿದ್ದವು, ಫೇಡರು ಹೇಳಿದಂತೆ ಕೇಳುತ್ತಿತ್ತು, ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಇನ್ನೊಂದು ಮದುಮಗಳಂತೆ ಸಿಂಗರಿಸಿಕೊಂಡಿತ್ತು. ಅದರ ನಟ್ಟನಡುವೆ ಒಂದೇ ದೊಡ್ಡ ಗುಂಡಿ, ‘ಎಲ್ಲ ಸರಿಮಾಡು’ ಎಂದು. ಒತ್ತಿದರೆ ಫ್ಯಾನಿನ ಸುಯ್ ಮಂಗಮಾಯ. ಅಕ್ಕನ ಕಥೆಗಳು ತೊಳೆದ ಗಾಜಿನಂತಾದವು. ಕ್ರೇನಪ್ಪನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು. ಹೊಸ ಕಂಟ್ರೋಲರನ್ನು ಮೇಜಿನ ಮೂಲೆಗೆ ಸರಿಸಿ, ಅಕ್ಕನನ್ನು ಕರೆದ.

ಅಕ್ಕ ಬಂದಳು. ಮಾತು ಹೋದ ಮೇಲೆ ಅವಳು ಹಳೆಯ ಡಸ್ಟರನ್ನು ಕೈಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಪಿಸುಮಾತು ಯಾರಿಗೂ ಕೇಳದಿದ್ದಾಗ ಅದರಿಂದ ಕುಟ್ಟಿದರೆ ಜನ ತಿರುಗಿ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಕ್ರೇನಪ್ಪ ಕೊನೆಯ ಕಥೆಯನ್ನೇ ಹಾಕಿದ.

“ರಾಜನು ತನ್ನ ದನವನ್ನೆಲ್ಲ ಬಡವರಿಗೆ ಅಂಚಿದನು” ಎಂದಿತು ಸ್ಪೀಕರು.

ಡಸ್ಟರು ಟಕ್ಕೆಂದಿತು. ಅವನಿಗೆ ಅರ್ಥವಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಂಡತಿಗೆ ಅರ್ಥವಾಯಿತು. “ರಾಜ ದನ ಹಂಚಿದ್ನಾ ಅತ್ತಿಗೆ? ಹೋಗ್ಲಿ ಬಿಡಿ, ಬಡವರ ಮಕ್ಕಳಿಗೆ ಹಾಲಿಗಾಯ್ತು” ಎಂದಳು. ಸ್ಪೀಕರು ಮುಂದುವರಿಯಿತು. “ಆಗ ಮುದುಕಿಯು ಒಂದು ಆಡು ಕಟ್ಟಿದಳು.” ಟಕ್. ಅಕ್ಕ ಬರೆದದ್ದು ಹಾಡು. ಮುದುಕಿ ಹಾಡು ಕಟ್ಟಿ ಅದರಿಂದಲೇ ರಾಜನ ಮನಸ್ಸು ಗೆಲ್ಲುವ ಕಥೆ ಅದು. “ಇದು ಕಥೆ ಪುಸ್ತಕಾನೋ ದನದ ಕೊಟ್ಟಿಗೇನೋ?” ಎಂದು ಹೆಂಡತಿ ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕಳು. ಅಕ್ಕ ನಗಲಿಲ್ಲ. ಮತ್ತೆ ತಮ್ಮನ ಮೇಜು ಸೇರಿದ್ದ ಮೈಕಿನ ಬಳಿಗೆ ಬಗ್ಗಿ, ಅವನ ಮುಖವನ್ನೇ ನೋಡುತ್ತ ಪಿಸುಗುಟ್ಟಿದಳು. “ಕಣ್ಣಿಲ್ಲದೋರು ಅಕ್ಷರ ಕಾಣೋದು ಕಿವಿಯಲ್ಲೇ ಕಣೋ. ಇದನ್ನ ಕೇಳಿ ಅವರು ಏನು ಬರೀಬೇಕು?” ಹಾಗೆಂದು ಡಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಕ್ರೇನಪ್ಪ ತಲೆ ಕೆರೆದುಕೊಂಡು ಕೂತ. ಬೀರುವಿನಲ್ಲಿಟ್ಟ ಮೂಲ ಪ್ರತಿಯನ್ನು ಕೇಳಿದರೆ ಧನ ಧನವಾಗಿಯೇ ಇತ್ತು, ಹಾಡು ಹಾಡಾಗಿಯೇ ಇತ್ತು. ‘ಹ’ ಎಂದರೆ ಉಸಿರು, ಮಹಾಪ್ರಾಣವೆಂದರೆ ಅಕ್ಷರದ ಬೆನ್ನಿಗೆ ಬರುವ ಉಸಿರು. ಫ್ಯಾನಿನ ಗಾಳಿಗೂ ಅಕ್ಕನ ಉಸಿರಿಗೂ ವ್ಯತ್ಯಾಸ ತಿಳಿಯದ ಆ ತಂತ್ರಾಂಶ ಎರಡನ್ನೂ ಒಟ್ಟಿಗೆ ಗುಡಿಸಿ ಹಾಕಿತ್ತು. ಅವನ ಕಿವಿಗೆ ಬೀಳದಿರಲು ಕಾರಣವೂ ಸರಳ. ಅವನ ಬಾಯಲ್ಲಿ ಹುಟ್ಟಿದಂದಿನಿಂದ ಮಹಾಪ್ರಾಣ ನಿಂತದ್ದಿಲ್ಲ, ಮೇಲಾಗಿ ಅವನು ಫ್ಯಾನಿನ ಸದ್ದು ಹೋಯಿತೇ ಎಂದು ಮಾತ್ರ ಕೇಳುತ್ತಿದ್ದ.

ಆಗ ಪರದೆಯ ಮೇಲೆ ಒಂದು ಕೂದಲೆಳೆಯಂಥ ಗೆರೆ ಅವನ ಕಣ್ಣಿಗೆ ಬಿತ್ತು. ಮೈಕು ಆರಿಸಿರಲಿಲ್ಲ, ಅಕ್ಕನ ಪಿಸುಮಾತು ಅದರಲ್ಲಿ ಸೇರಿಕೊಂಡಿತ್ತು. ಸುಮ್ಮನೆ ನೋಡೋಣವೆಂದು ಆ ಗೆರೆಯ ಮೇಲೂ ‘ಎಲ್ಲ ಸರಿಮಾಡು’ ಒತ್ತಿದ. ಗೆರೆ ಅಳಿಸಿಹೋಯಿತು. ಮತ್ತೆ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿದ. ಏನೂ ಇಲ್ಲ. ಅಕ್ಕ ಆ ಕೋಣೆಗೆ ಬಂದೇ ಇರಲಿಲ್ಲವೇನೋ ಎಂಬಷ್ಟು ಮೌನ. ಕ್ರೇನಪ್ಪನಿಗೆ ಸಿಟ್ಟು ಬಂತು, ಎಂದೂ ಬಾರದಷ್ಟು ಸಿಟ್ಟು.

“ಇದರ ಪ್ರಕಾರ ನಮ್ಮಕ್ಕ ಈಗ ಬರೀ ಕಸ ಕಣೇ. ಗುಡಿಸಿ ಹಾಕ್ಬಿಡ್ತು” ಎಂದ. ಹೆಂಡತಿಯ ನಗು ನಿಂತುಹೋಯಿತು. ಅವನು ಆ ಚಂದದ ತಂತ್ರಾಂಶವನ್ನು ಕಂಪ್ಯೂಟರಿನಿಂದ ಬುಡಸಮೇತ ಕಿತ್ತು, ಮೂಲೆಯಲ್ಲಿದ್ದ ಕಂಟ್ರೋಲರನ್ನು ಮತ್ತೆ ಎದುರಿಗೆ ಎಳೆದುಕೊಂಡ.

ಬೋಳು ಪರದೆಯ ತಂತ್ರಾಂಶದಲ್ಲಿ ಫ್ಯಾನಿನ ಸದ್ದನ್ನು ಉಸಿರಿಗೆ ಪೆಟ್ಟಾಗದಷ್ಟೇ ತಗ್ಗಿಸಿದ. ಮಿಕ್ಕಿದ್ದು ಬೆರಳಿನ ಕೆಲಸ. ಮಾತು ಮುಗಿದೊಡನೆ ಫೇಡರು ಇಳಿಯಬೇಕು, ಮುಂದಿನ ಮಾತಿನ ಉಸಿರು ಹೊರಡುವ ಮೊದಲೇ ಏಳಬೇಕು. ಸರಕು ಎತ್ತುವ ಮುಂಚೆ ಹಗ್ಗದ ಸಡಿಲವನ್ನು ಮೆಲ್ಲಗೆ ಎಳೆದುಕೊಳ್ಳುವುದು ಅವನಿಗೆ ಹೊಸದಲ್ಲ. ತೊಡಕು ಒಂದೇ, ಉಸಿರಿನ ಅಕ್ಷರ ಯಾವಾಗ ಬರುತ್ತದೆ ಎಂದು ಅವನಿಗೆ ಮುಂಚೆ ಗೊತ್ತಾಗುತ್ತಿರಲಿಲ್ಲ. ಬಂದ ಮೇಲೆ ಬೆರಳೆತ್ತಿದರೆ ಹಾಡು ಮತ್ತೆ ಆಡಾಗುತ್ತಿತ್ತು.

ಬಂದರಿನಲ್ಲಿ ಮೇಲಿರುವವನಿಗೆ ಕೆಳಗಿನದು ಕಾಣದಿದ್ದಾಗ ಕೆಳಗೊಬ್ಬ ನಿಂತು ಕೈಸನ್ನೆ ಮಾಡುತ್ತಾನೆ. ಎತ್ತು, ಇಳಿಸು, ನಿಲ್ಲು, ಎಲ್ಲವೂ ಕೈಯಲ್ಲೇ. ಕ್ರೇನಪ್ಪ ಸರ್ವೀಸಿನುದ್ದಕ್ಕೂ ಮಾತಿಗಿಂತ ಸನ್ನೆಯನ್ನೇ ನಂಬಿದವನು. ಎದ್ದು ಅಕ್ಕನ ಮನೆಗೆ ಹೋದ.

“ಅಕ್ಕ, ನಂಗೆ ಕೆಳಗೆ ನಿಂತು ಸನ್ನೆ ಮಾಡೋರು ಬೇಕು. ಕಥೆ ನಿಂಗೆ ಬಾಯಿಪಾಠ. ಉಸಿರು ಬರೋ ಅಕ್ಷರಕ್ಕೆ ಮುಂಚೆ ಡಸ್ಟರ್ ಎತ್ತು, ಸಾಕು. ಬಾಯಿ ಬೇಕಾಗಿಲ್ಲ.”

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀನು ಮಹಾಪ್ರಾಣ ಕಲಿಯೋಕೆ ನನ್ನ ಗಂಟಲೇ ಹೋಗ್ಬೇಕಾಯ್ತಲ್ಲೋ” ಎಂದು ಪಿಸುಗುಟ್ಟಿದಳು. ಚಪ್ಪಲಿ ಮೆಟ್ಟಿಕೊಂಡು ಅವನಿಗಿಂತ ಮುಂದೆ ನಡೆದಳು.

ಅಂದಿನಿಂದ ಹಿಂಬದಿಯ ಕೋಣೆ ಪುಟ್ಟ ಬಂದರಾಯಿತು. ಅಕ್ಕ ಎದುರು ಕುರ್ಚಿಯಲ್ಲಿ ಡಸ್ಟರ್ ಹಿಡಿದು ಕೂರುತ್ತಿದ್ದಳು, ತಮ್ಮನ ಕಣ್ಣು ಡಸ್ಟರಿನ ಮೇಲೆ, ಬೆರಳು ಫೇಡರಿನ ಮೇಲೆ. ಡಸ್ಟರು ಎದ್ದರೆ ಫೇಡರು ಏಳುತ್ತಿತ್ತು. ಕೈ ತಡವಾದರೆ ಟಕ್, ಚಕ್ರ ಹಿಂದಕ್ಕೆ, ಮತ್ತೆ ಅದೇ ಸಾಲು. ಮೊದಲ ಕಥೆಯಲ್ಲಿ ಕುಟ್ಟಿ ಕುಟ್ಟಿ ಮೇಜಿನ ಬಣ್ಣವೇ ಹೋಯಿತು. ಬರಬರುತ್ತ ಕುಟ್ಟುವುದು ಕಡಿಮೆಯಾಯಿತು. ಆಮೇಲೊಂದು ದಿನ ಡಸ್ಟರು ಏಳುವುದಕ್ಕೂ ಬೆರಳು ಏಳುವುದಕ್ಕೂ ನಡುವೆ ಕೂದಲೂ ತೂರದಂತಾಯಿತು. ಮಾತು ಇದ್ದಾಗ ಜಗಳವಾಡಿಕೊಂಡೇ ಇದ್ದ ಅಕ್ಕ ತಮ್ಮ ಮಾತಿಲ್ಲದೆ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ಕಂಡು ಹೆಂಡತಿಗೆ ಸೋಜಿಗ. ಅವಳು ಅಡುಗೆಮನೆಯಿಂದಲೇ ಕಥೆ ಕೇಳುತ್ತ, ರಾಜ ಧನ ಹಂಚಿದಾಗ “ಈಗ ಸರಿಹೋಯ್ತು, ಹಾಲು ನಾವೇ ಕೊಂಡ್ಕೋಬೇಕು” ಎಂದು ಕೂಗಿದಳು.

ಕೊನೆಯ ಕಥೆಯ ಕೊನೆಯ ಸಾಲಿಗೆ ಬಂದರು. ಎಲ್ಲ ಕಷ್ಟಗಳೂ ಮುಗಿದು ಮುದುಕಿ, ರಾಜ, ಊರಿನವರು ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರು. ಡಸ್ಟರು ಎದ್ದಿತು, ಬೆರಳು ಎದ್ದಿತು.

“ಅಂದಿನಿಂದ ಎಲ್ಲರೂ ಸುಕವಾಗಿದ್ದರು.”

ಟಕ್.

“ನಾನು ಸರಿಯಾಗೇ ಎತ್ತಿದ್ದೆ ಅಕ್ಕ” ಎಂದ ಕ್ರೇನಪ್ಪ. ಚಕ್ರ ತಿರುಗಿಸಿ ಮತ್ತೆ ಹಾಕಿದ. ಸುಕ. ಫೇಡರನ್ನು ಪೂರ್ತಿ ಮೇಲಿಟ್ಟು ಹಾಕಿದ. ಸುಕ. ಬೀರುವಿನ ಮೂಲ ಪ್ರತಿ ತಂದು ಹಾಕಿದ. ಅಲ್ಲೂ ಸುಕ. ಅದು ಆಸ್ಪತ್ರೆಗೆ ಹೋಗುವ ಹಿಂದಿನ ದಿನದ ಓದು, ಕಥೆ ಮುಗಿಯುವ ಹೊತ್ತಿಗೆ ಅಕ್ಕನ ಉಸಿರು ತೀರಿತ್ತು. ಎಷ್ಟೋ ಮಕ್ಕಳಿಗೆ ಕುಟ್ಟಿದ ಹೊಟ್ಟೆಸೀಳು ಟೀಚರು ತನ್ನ ಕೊನೆಯ ಸಾಲಿನಲ್ಲಿ ತಾನೇ ಮಹಾಪ್ರಾಣ ನುಂಗಿದ್ದಳು. ಅಕ್ಕ ಡಸ್ಟರನ್ನು ನೋಡಿದಳು, ತನ್ನ ಎಡಗೈಯನ್ನು ಚಾಚಿ, ಗೆಣ್ಣಿನ ಮೇಲೆ ತಾನೇ ಒಂದು ಕುಟ್ಟಿಕೊಂಡಳು. ಅವಳ ಕಣ್ಣಲ್ಲಿ ನೀರಾಡಿತು.

“ಅದಕ್ಯಾಕೆ ಅಳ್ತೀಯ? ಪುಸ್ತಕದ ತುಂಬಾ ದುಃಖ ಇದೆ. ಒಂದರಿಂದ ಖ ಎತ್ಕೊಂಡು ಬಂದು ಇಲ್ಲಿ ಇಳಿಸ್ತೀನಿ, ಇರು” ಎಂದ ಅವನು. ಹೇಳಿದಂತೆಯೇ ಮಾಡಿದ. ಆದರೆ ದುಃಖದ ಖ ಸುಖದಲ್ಲಿ ಕೂರಲಿಲ್ಲ. ಬಿಕ್ಕಿ ಬಿಕ್ಕಿ ಸುಖವಾಗಿದ್ದಂತೆ ಕೇಳಿಸಿತು. ಇನ್ನೊಂದು ದುಃಖದಿಂದ ತಂದ, ಅದೂ ಹಾಗೆಯೇ. ಮುಖದ ಖ ತಂದ, ಅದು ಬೇರೆಯೇ ಅವಸರದಲ್ಲಿತ್ತು. ಟಕ್, ಟಕ್.

ಅಕ್ಕ ಕಣ್ಣೊರೆಸಿಕೊಂಡು ಕುರ್ಚಿ ಎಳೆದುಕೊಂಡಳು. ಮೈಕನ್ನು ತನ್ನ ಬಾಯಿಯ ಹತ್ತಿರಕ್ಕೆ ಬಾಗಿಸಿದಳು. “ಮೈಕ್ ಹಾಕು” ಎಂದು ಪಿಸುಗುಟ್ಟಿದಳು. ಅವನಿಗೆ ಅರ್ಥವಾಗುವ ಮೊದಲೇ ಕೈ ಗುಂಡಿ ಒತ್ತಿತ್ತು. ಅಕ್ಕ ಬೆನ್ನು ನೆಟ್ಟಗೆ ಮಾಡಿ, ತರಗತಿಯ ಮುಂದೆ ನಿಂತವಳಂತೆ ಗಲ್ಲ ಎತ್ತಿ, ಹೊಟ್ಟೆಯಿಂದ ಹೇಳಿದಳು. “ಖ.”

ದನಿಯಿಲ್ಲ, ಬರೀ ಉಸಿರು. ಆ ಸಾಲಿಗೆ ಬೇಕಾಗಿದ್ದದ್ದೂ ಅಷ್ಟೇ. ದನಿ ಆಗಲೇ ಅಲ್ಲಿತ್ತು. ಕ್ರೇನಪ್ಪ ಪರದೆಯ ಮೇಲಿನ ಕೂದಲೆಳೆಯನ್ನು ತೊಳೆಯಲಿಲ್ಲ, ಒರೆಸಲಿಲ್ಲ. ಚಕ್ರ ತಿರುಗಿಸುತ್ತ ಎತ್ತಿ ತಂದು, ಹಳೆಯ ‘ಕ’ದ ಬೆನ್ನಿಗೆ ಮೊಟ್ಟೆ ಇಟ್ಟಂತೆ ಇಳಿಸಿದ. ಮತ್ತೆ ಹಾಕಿದ. ಡಸ್ಟರು ಎದ್ದಿತು, ಬೆರಳು ಎದ್ದಿತು.

“ಅಂದಿನಿಂದ ಎಲ್ಲರೂ ಸುಖವಾಗಿದ್ದರು.”

ಡಸ್ಟರು ಮೇಜಿಗೆ ಇಳಿಯಲಿಲ್ಲ. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡಳು. ತರಗತಿಯಲ್ಲಿ ಸರಿಯಾಗಿ ಹೇಳಿದ್ದನ್ನು ಅವಳು ಯಾರಿಂದಲೂ ಎರಡನೆಯ ಬಾರಿ ಹೇಳಿಸಿದ್ದಿಲ್ಲ.

“ಇನ್ನೊಂದ್ಸಲ ಹಾಕೋ” ಎಂದಳು.

ಕ್ರೇನಪ್ಪನಿಗೆ ಕಣ್ಣು ತುಂಬಿ ಪರದೆಯೂ ಕಾಣಲಿಲ್ಲ, ಅಕ್ಕನೂ ಕಾಣಲಿಲ್ಲ. ಕೈಗೆ ಎಲ್ಲ ಗೊತ್ತಿತ್ತು, ಅದು ಚಕ್ರವನ್ನು ಹಿಂದಕ್ಕೆ ತಿರುಗಿಸಿತು.